ನಿಂತಾಗ ಮಾತ್ರ ಎಂಜಿನ್ ಆಫ್ ಆಗುವುದೇಕೆ?

ಪ್ರಶ್ನೆ: ಕಾರ್ಬ್ಯುರೇಟರ್ ಇರುವ ಹಳೆಯ ಕಾರು ರಸ್ತೆಯಲ್ಲಿ ಚೆನ್ನಾಗಿ ಓಡಿದರೂ ಸಿಗ್ನಲ್‌ನಲ್ಲಿ ನಿಂತೊಡನೆ ಆಫ್ ಆಗುವುದೇಕೆ?

ಉತ್ತರ: ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಗಾಳಿಯ ಹರಿವನ್ನು ನಿಯಂತ್ರಿಸುವ ಥ್ರಾಟಲ್ ಎಂಬ ಬಿಲ್ಲೆ ಬಹುತೇಕ ಮುಚ್ಚಿಕೊಂಡು ಮುಖ್ಯ ಜೆಟ್‌ನ ಪೂರೈಕೆ ನಿಲ್ಲುವುದರಿಂದ, ಐಡ್ಲಿಂಗ್‌ಗೆ, ಅಂದರೆ ಎಂಜಿನ್ ಹೊರೆಯಿಲ್ಲದೆ ನಿಮಿಷಕ್ಕೆ ಸುಮಾರು 800ರಿಂದ 900 ಸುತ್ತು ತಿರುಗುವ ಸ್ಥಿತಿಗೆ, ಬೇಕಾದ ಪೆಟ್ರೋಲ್ ಐಡಲ್ ಜೆಟ್ ಎಂಬ ಅತಿ ಕಿರಿದಾದ ರಂಧ್ರದಿಂದಲೇ ಬರಬೇಕಾಗುತ್ತದೆ. ಟ್ಯಾಂಕಿನ ಕಸವೋ ಹಳೆಯ ಪೆಟ್ರೋಲಿನ ಅಂಟೋ ಆ ರಂಧ್ರದಲ್ಲಿ ಕಟ್ಟಿಕೊಂಡರೆ, ವೇಗದ ಓಟಕ್ಕೆ ಅಷ್ಟಾಗಿ ಅಡ್ಡಿಯಾಗದಿದ್ದರೂ ನಿಂತಾಗ ಎಂಜಿನ್ ಆರಿಹೋಗುತ್ತದೆ.

ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಬಿರುಕುಬಿಟ್ಟ ರಬ್ಬರ್ ಹೋಸ್‌ನಿಂದ ಹೆಚ್ಚುವರಿ ಗಾಳಿ ನುಗ್ಗಿ, ಪೂರ್ಣ ದಹನಕ್ಕೆ ಬೇಕಾದ, ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಎಂಬ ಪ್ರಮಾಣ ಕೆಡುವುದು ಇನ್ನೊಂದು ಕಾರಣ. ಹೋಸ್‌ಗಳನ್ನು ಒಂದೊಂದಾಗಿ ಹಿಸುಕಿದಾಗ ಎಂಜಿನ್ ಚೇತರಿಸಿಕೊಂಡರೆ ಸೋರಿಕೆ ಆ ಭಾಗದಲ್ಲಿದೆ ಎಂದರ್ಥ.

ಐಡಲ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸುವುದು ದೋಷವನ್ನು ಮರೆಮಾಚುತ್ತದೆಯೇ ಹೊರತು ನೀಗಿಸುವುದಿಲ್ಲ. ಮೊದಲು ಸ್ಪಾರ್ಕ್ ಪ್ಲಗ್ ಮತ್ತು ಹೋಸ್‌ಗಳನ್ನು ಪರೀಕ್ಷಿಸಿ, ಬಳಿಕ, ತಂತಿ ತೂರಿಸಿದರೆ ರಂಧ್ರ ಹಿಗ್ಗುವ ಅಪಾಯವಿರುವುದರಿಂದ, ಜೆಟ್ಟನ್ನು ಕ್ಲೀನರ್ ಮತ್ತು ಒತ್ತಡದ ಗಾಳಿಯಿಂದಲೇ ಶುಚಿಗೊಳಿಸಿ, ಎಂಜಿನ್ ಬಿಸಿಯಾದ ಮೇಲೆ ಮಿಶ್ರಣದ ಸ್ಕ್ರೂವನ್ನು ಹೊಂದಿಸುವುದು ಸರಿಯಾದ ಕ್ರಮ.