ದುರ್ಯೋಧನನಿಗೆ ಎಷ್ಟು ಅಡಿ ರಂಗ ಬೇಕು?

ನಾಟಕವಿರುವ ದಿನ ಮೈಸೂರು ಪುರಭವನದ ಬಳಿ ಕಟ್ಟುವ ಫ್ಲೆಕ್ಸ್ ಓದುವುದೇ ಒಂದು ಮಜಾ. ನಡುವೆ ಕೊಳಲೂದುವ ಕೃಷ್ಣ, ಸುತ್ತ ಪಾಸ್‌ಪೋರ್ಟ್ ಅಳತೆಯ ಮುಖಗಳು. ಭೀಮನ ಪಾತ್ರಧಾರಿ ಗ್ರಾಮ ಪಂಚಾಯಿತಿ ಸದಸ್ಯ, ಕರ್ಣ ಹಾಲಿನ ಡೇರಿ ಕಾರ್ಯದರ್ಶಿ. ಕೆಳಗೆ ದಪ್ಪಕ್ಷರದಲ್ಲಿ ಹಾರ್ಮೋನಿಯಂ ಮೇಷ್ಟ್ರ ಹೆಸರು. ‘ಕುರುಕ್ಷೇತ್ರ’ ಇಲ್ಲಿ ಸೋಲರಿಯದ ನಾಟಕ.

ಕಟ್ಟಡದ ಅಧಿಕೃತ ಹೆಸರು ರಂಗಾಚಾರ್ಲು ಸ್ಮಾರಕ ಭವನ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ದಿವಾನರಾಗಿದ್ದವರು ಸಿ.ವಿ. ರಂಗಾಚಾರ್ಲು. ಆ ವರ್ಷದ ಅಕ್ಟೋಬರ್‌ನಲ್ಲೇ 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು, 1883ರಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಈ ಭವನ ಎದ್ದಿತು. ಅಂದರೆ ಇದು ಹುಟ್ಟಾ ನಾಟಕಶಾಲೆಯಲ್ಲ, ಸಭೆ ಸೇರುವವರ ಮನೆ. ಮೈಸೂರಿಗೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ. ಅಲ್ಲಿಯವರೆಗಿನ 24 ವರ್ಷ ಇಲ್ಲಿ ಮಾತಾಡಿದವರೆಲ್ಲ ಗಂಟಲನ್ನೇ ನಂಬಿದವರು. ಪಕ್ಕದ ದೊಡ್ಡ ಗಡಿಯಾರ ಬಂದದ್ದು ಇನ್ನೂ ತಡವಾಗಿ, 1927ರಲ್ಲಿ. ಭವನದ ಮುಂದೆ ಈಗ ಅಂಬೇಡ್ಕರ್ ನಿಂತಿದ್ದಾರೆ. ಅಶೋಕಪುರಂನವರಿಗೆ ಪುರಭವನವೆಂದರೆ ಮೊದಲು ಆ ಪ್ರತಿಮೆ, ಆಮೇಲೆ ಕಟ್ಟಡ.

ಅಶೋಕಪುರಂನ ಹಿರಿಯರೊಬ್ಬರ ಬಗ್ಗೆ ಕೇಳಿದ್ದೆ. ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದು ನಿವೃತ್ತರಾದವರು, ದುರ್ಯೋಧನನ ಪಾತ್ರಕ್ಕೆ ಹೆಸರಾದವರು. ಭೇಟಿಯಾದಾಗ ಹೆಸರು ಹಾಕಬೇಡಿ ಅಂದರು: “ದುರ್ಯೋಧನ ಅಂತ್ಲೇ ಬರೀರಿ, ಬೀದೀಲಿ ಎಲ್ರಿಗೂ ಗೊತ್ತಾಯ್ತದೆ.” ಪುರಭವನದ ದುರಸ್ತಿಯ ವಿಚಾರ ಎತ್ತಿದರೆ ಅವರು ಎತ್ತಿದ್ದು ಗದೆಯ ವಿಚಾರ.

ಈ ರಂಗಭೂಮಿಯ ಅರ್ಥಶಾಸ್ತ್ರ ಪಟ್ಟಣದ ಹವ್ಯಾಸಿಗಳಿಗೆ ತಲೆಕೆಳಗಾಗಿ ಕಾಣಬಹುದು. ಇಲ್ಲಿ ನಟನಿಗೆ ಸಂಭಾವನೆಯಿಲ್ಲ, ನಟನೇ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾನೆ. ದುರ್ಯೋಧನ, ಕೃಷ್ಣ ದುಬಾರಿ. ಹಾಡು ಕಡಿಮೆಯಾದಷ್ಟು ದರವೂ ಇಳಿಯುತ್ತದೆ. ಆ ದುಡ್ಡಿನಲ್ಲೇ ಹಾಲ್ ಬಾಡಿಗೆ, ಸೀನರಿ, ಡ್ರೆಸ್ಸು, ಕಿರೀಟ, ಮೇಷ್ಟ್ರ ಸಂಭಾವನೆ ಎಲ್ಲ ಕಳೆಯಬೇಕು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಅಭ್ಯಾಸ. ಕೆಲಸ ಮುಗಿಸಿ ಬಂದು, ಉಂಡು, ಮೇಷ್ಟ್ರ ಕಾಲು ಹಾರ್ಮೋನಿಯಂ ಮುಂದೆ ನಿಂತು, ಶ್ರುತಿ ತಪ್ಪಿದರೆ ಮಕ್ಕಳ ಮುಂದೆಯೇ ಬೈಸಿಕೊಳ್ಳುವುದು. “ವರ್ಕ್‌ಶಾಪ್ ಫೋರ್‌ಮನ್‌ಗೂ ಹಂಗೆ ಹೆದರಿಲ್ಲ ಸ್ವಾಮಿ.”

ನಾಟಕದ ರಾತ್ರಿ ರಂಗದ ಮೇಲೆ ಆಗುವುದೇ ಬೇರೆ. ಬಣ್ಣದ ಪರದೆಗಳು ಒಂದರ ಹಿಂದೊಂದು ಸುರುಳಿ ಸುತ್ತಿಕೊಂಡು ಕಾದಿರುತ್ತವೆ: ಬೀದಿ, ಅರಮನೆ, ಕಾಡು. ಮುಂದಿನ ಬೀದಿ ಪರದೆಯ ಎದುರು ಇಬ್ಬರು ಹಾಸ್ಯ ಮಾಡುತ್ತಿರುವಾಗ ಹಿಂದೆ ಕೌರವನ ದರ್ಬಾರು ಸಿಂಗಾರಗೊಳ್ಳುತ್ತದೆ. ಹಗ್ಗ ಎಳೆಯುವವನಿಗೆ ಸನ್ನೆ ಸಿಕ್ಕಿತೋ, ಬೀದಿ ಮೇಲೇರಿ ಸಿಂಹಾಸನ ಬಯಲು. ಮೇಷ್ಟ್ರು ರಂಗದ ಅಂಚಿನಲ್ಲೇ ಕೂರಬೇಕು, ನಟನ ಬಾಯಿ ಅವರಿಗೆ ಕಾಣಬೇಕು. ಉಸಿರು ಸಾಲದವನಿಗೆ ಸ್ವರ ಹಿಡಿದು ದಾಟಿಸುವುದು ಅವರೇ. ನಡುವೆ ನೆಂಟರು ಮೆಟ್ಟಿಲೇರಿ ಬಂದು ನೋಟಿನ ಹಾರ ಹಾಕುತ್ತಾರೆ, ‘ಒನ್ಸ್ ಮೋರ್’ ಕೂಗು ಏಳುತ್ತದೆ. ಸತ್ತ ಅಭಿಮನ್ಯು ಹಾರಕ್ಕಾಗಿ ಎದ್ದು, ಮತ್ತೆ ಸಾಯುವುದೂ ಉಂಟು. ಗುಬ್ಬಿ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆ ಹೋಯಿತು, ಗದೆ ಉಳಿಯಿತು. ಗದೆ ಬೀಸಲು ಎಡಬಲಕ್ಕೆ ಜಾಗ ಬೇಕು ಎನ್ನುವುದೇ ನಮ್ಮ ದುರ್ಯೋಧನರ ಮೊದಲ ಬೇಡಿಕೆ.

ದುರಸ್ತಿಯ ಮಾತಿಗೆ ಬರುತ್ತೇನೆ. ಇಂಥ ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಒದ್ದೆಯಾದರೆ ಹೀರಿ, ಬಿಸಿಲಿಗೆ ಉಸಿರಾಡಿ ಒಣಗುತ್ತವೆ. ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿದು ಇಟ್ಟಿಗೆ ತಿನ್ನುತ್ತದೆ. ಹಾಗಾಗಿ ಬಲ್ಲವರು ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ ನೀರಿಗೆ ಹಿಂದಿರುಗುತ್ತಾರೆ. ನಿಧಾನದ ಕೆಲಸ, ಬಿಲ್ಲು ಬೇಗ ಪಾಸಾಗುವಂಥದ್ದಲ್ಲ. ಕೈಕಟ್ಟಿ ಕೂತರೆ ಏನಾಗುತ್ತದೆಂದು ಮೈಸೂರು ನೋಡಿದೆ: 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಪುರಭವನದ ಅಂಗಳದಲ್ಲಿ ನೆಲದಡಿ ವಾಹನ ನಿಲ್ಲಿಸುವ ಯೋಜನೆಯಂತೂ ವರ್ಷಗಟ್ಟಲೆ ಕುಂಟಿತು. ಕಾರಿಗೆ ಜಾಗ ಮಾಡುವ ಚಿಂತೆ ನಮಗೆ ಯಾವಾಗಲೂ ಮೊದಲು ಬರುತ್ತದೆ.

ಒಳಾಂಗಣದ ಆಧುನೀಕರಣ ಅದಕ್ಕಿಂತ ನಾಜೂಕು. ಎತ್ತರದ ಸೂರು, ಗಟ್ಟಿ ಗೋಡೆ ಇದ್ದಲ್ಲಿ ಸದ್ದು ತಿರುಗಿ ತಿರುಗಿ ಬರುತ್ತದೆ. ಮಾತಿನ ರಂಗಕ್ಕೆ ಅನುರಣನ ಸುಮಾರು ಒಂದು ಸೆಕೆಂಡು ಇದ್ದರೆ ಹಿತ. “ಜನ ತುಂಬಿದ್ರೆ ಸದ್ದು ತಾನೇ ಸರಿಹೋಯ್ತದೆ” ಎಂಬ ದುರ್ಯೋಧನರ ಮಾತು ಭೌತಶಾಸ್ತ್ರಕ್ಕೂ ಒಪ್ಪಿಗೆ. ಮೈ, ಬಟ್ಟೆ ಸದ್ದನ್ನು ಹೀರುತ್ತವೆ. ಗೋಡೆಗೆ ಹೀರುಫಲಕ, ಒಳ್ಳೆಯ ಎಲ್‌ಇಡಿ ದೀಪ, ಬೆಂಕಿ ಸುರಕ್ಷತೆ, ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಿರುವ ಬಣ್ಣದ ಮನೆ, ನೀರು ಬರುವ ಶೌಚಾಲಯ ಎಲ್ಲ ಬೇಕು. ಆದರೆ ನಕ್ಷೆ ಬರೆಯುವವರ ಕಣ್ಣ ಮುಂದೆ ಇರುವುದು ಸಾಮಾನ್ಯವಾಗಿ ಸಮ್ಮೇಳನವೋ ಸಂಗೀತ ಕಛೇರಿಯೋ. ಪರದೆ ಹಗ್ಗ ಕಟ್ಟಲು ಕೊಂಡಿ, ಮೇಷ್ಟ್ರು ಕೂರುವ ಮೂಲೆ, ನೋಟಿನ ಹಾರ ಹಿಡಿದು ಏರುವ ಮೆಟ್ಟಿಲು, ನಡುರಾತ್ರಿ ದಾಟುವ ಆಟಕ್ಕೆ ಅನುಮತಿ, ಪಾತ್ರದ ಚಂದಾದಲ್ಲಿ ಹುಟ್ಟುವ ಬಾಡಿಗೆ ಇವು ನಕ್ಷೆಗೆ ಬರುವುದಿಲ್ಲ. ಹವಾನಿಯಂತ್ರಣದ ಖರ್ಚು ಬಾಡಿಗೆಗೆ ಸೇರಿದ ದಿನ ಡೇರಿ ಕಾರ್ಯದರ್ಶಿಯ ಕರ್ಣ ಊರ ಬಯಲಿಗೇ ವಾಪಸ್. ಕಂಬಗಳಿಗೆ ಬಣ್ಣ ಬಳಿಯುವ ಮುನ್ನ ವಾಸ್ತುಶಿಲ್ಪಿ ಒಂದು ರಾತ್ರಿ ಪೂರ್ತಿ ‘ಕುರುಕ್ಷೇತ್ರ’ ನೋಡಲಿ ಎಂಬುದು ನನ್ನ ಹಟ.

ದುರ್ಯೋಧನರು ಈ ಹಂಗಾಮಿಗೆ ತಮ್ಮ ಪಾತ್ರವನ್ನು ಬೀದಿಯ ಹುಡುಗನೊಬ್ಬನಿಗೆ ಬಿಟ್ಟುಕೊಟ್ಟಿದ್ದಾರೆ. ಮಂಡಿ ನೋವು. ತಮಗೆ ಧೃತರಾಷ್ಟ್ರ ಹಿಡಿದಿದ್ದಾರೆ. “ಕೂತ್ಕಂಡೇ ಹಾಡ್ಬೋದು, ದುಡ್ಡೂ ಕಮ್ಮಿ.” ಹಾಲ್ ಯಾವ ದಿನಕ್ಕೆ ಸಿಗುತ್ತದೋ ಇನ್ನೂ ಗೊತ್ತಿಲ್ಲ, ಮೇಷ್ಟ್ರಿಗೆ ಮಾತ್ರ ಮುಂಗಡ ಕೊಟ್ಟಾಗಿದೆ.