ಕಲ್ಲಿಗೂ ಉಂಟು ಜಾತಕ

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆ ಎಲ್ಲರಿಗೂ ಗೊತ್ತು. ಹತ್ತಿರ ಹೋದರೆ ಬೆಟ್ಟ ಒರಟು ಎನ್ನುವಷ್ಟಕ್ಕೇ ಗಾದೆ ನಿಲ್ಲುತ್ತದೆ. ಆ ಒರಟು ಕಲ್ಲಿನ ಒಂದು ಚೂರನ್ನು ಅಂಗೈಯಲ್ಲಿಟ್ಟು ನೋಡಿದರೆ, ಅದು ಎಲ್ಲಿ, ಹೇಗೆ ಹುಟ್ಟಿತೆಂಬ ಜಾತಕವೇ ಅದರ ಮೈಮೇಲೆ ಬರೆದಿರುವುದು ಕಾಣುತ್ತದೆ. ಅದನ್ನು ಓದಲು ಪ್ರಯೋಗಾಲಯವೇನೂ ಬೇಡ. ಒಂದು ಭೂತಗನ್ನಡಿ, ಒಂದು ಕಬ್ಬಿಣದ ಮೊಳೆ, ಅರ್ಧ ಹೋಳು ನಿಂಬೆಹಣ್ಣು ಇದ್ದರೆ ಸಾಕು.

ಭೂಮಿಯ ಮೇಲಿನ ಕಲ್ಲುಗಳಲ್ಲಿ ಮೂರು ಕುಲ. ಕರಗಿದ ಶಿಲಾರಸ ತಣಿದು ಗಟ್ಟಿಯಾದದ್ದು ಅಗ್ನಿಶಿಲೆ. ನೀರು, ಗಾಳಿ ಹೊತ್ತು ತಂದ ಮರಳು, ಜೇಡಿ, ಸುಣ್ಣ ಪದರ ಪದರವಾಗಿ ಕೂತು ಗಟ್ಟಿಯಾದದ್ದು ಪದರಶಿಲೆ. ಇವುಗಳಲ್ಲಿ ಯಾವುದೇ ಆಗಲಿ, ನೆಲದಾಳದ ಶಾಖ ಹಾಗೂ ಒತ್ತಡಕ್ಕೆ ಸಿಕ್ಕಿ, ಪೂರ್ತಿ ಕರಗದೆಯೇ ರೂಪ ಬದಲಿಸಿದರೆ ಅದು ರೂಪಾಂತರ ಶಿಲೆ. ಮೂರನ್ನೂ ನೋಡಲು ಕರ್ನಾಟಕ ಬಿಟ್ಟು ಹೋಗಬೇಕಾಗಿಲ್ಲ.

ಬೆಂಕಿಯ ಮಕ್ಕಳು

ಮೊದಲು ಕೇಳಬೇಕಾದ ಪ್ರಶ್ನೆ: ಕಲ್ಲಿನ ಕಣಗಳು ಬರಿಗಣ್ಣಿಗೆ ಕಾಣುತ್ತವೆಯೇ? ಹಂಪಿಯ ಅಥವಾ ರಾಮನಗರದ ಬಂಡೆಯ ಚೂರಿನಲ್ಲಿ ಕಾಣುತ್ತವೆ. ಗಾಜಿನಂತೆ ಮಸುಕಾಗಿ ಹೊಳೆಯುವ ಕಣ ಸ್ಫಟಿಕ; ನಮ್ಮ ಹಳ್ಳಿಗಳಲ್ಲಿ ಬೆಣಚುಕಲ್ಲು ಎನ್ನುವುದೂ ಇದನ್ನೇ. ಬಿಳಿ ಇಲ್ಲವೆ ಗುಲಾಬಿ ಬಣ್ಣದ, ಚಪ್ಪಟೆ ಮುಖದ ಕಣ ಫೆಲ್ಡ್‌ಸ್ಪಾರ್. ಮಿನುಗುವ ಕಪ್ಪು ಚಕ್ಕೆ ಅಭ್ರಕ. ಇವು ಯಾವ ಸಾಲೂ ಇಲ್ಲದೆ ಬೆರೆತಿದ್ದರೆ ಅದು ಗ್ರಾನೈಟ್.

ಕಣ ದೊಡ್ಡದಾದದ್ದೇಕೆ? ಸಕ್ಕರೆ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಇಟ್ಟರೆ ದಪ್ಪ ಕಲ್ಲುಸಕ್ಕರೆ. ಬೇಗ ತಣಿಸಿ ಕದಡಿದರೆ ನುಣ್ಣನೆಯ ಪುಡಿ. ಶಿಲಾರಸದ ಕಥೆಯೂ ಇದೇ. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ತಣಿದದ್ದು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಹಾಗೆ ಗಟ್ಟಿಯಾದ ಬಂಡೆಯ ಮೇಲಿನ ಹೊದಿಕೆಯೆಲ್ಲ ಸವೆದುಹೋಗಿ ಇಂದು ರಾಮನಗರದ ಬೆಟ್ಟಗಳಾಗಿ ನಿಂತಿದೆ. ಆ ಊರಿಗೆ ಹಿಂದಿದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಭೂವಿಜ್ಞಾನದಲ್ಲಿ ಈ ಗ್ರಾನೈಟಿಗೆ ಉಳಿದುಕೊಂಡಿದೆ.

ವಿಜಯಪುರದ ಗೋಳಗುಮ್ಮಟದ ಕಲ್ಲು ಬೇರೆ. ಕಡು ಬೂದು ಬಣ್ಣ, ಕಣ ಕಾಣದಷ್ಟು ಸಣ್ಣ. ಇದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಮೇಲೆಯೇ ಬೇಗ ತಣಿದು ಆದದ್ದು. ಕೆಲವು ತುಂಡುಗಳಲ್ಲಿ ಅನಿಲದ ಗುಳ್ಳೆಗಳಿದ್ದ ತೂತುಗಳೂ ಸಿಗುತ್ತವೆ. ಇದೇ ಕಲ್ಲು ಕರಗಿ ಆದ ಎರೆಮಣ್ಣಿನಲ್ಲಿ ಉತ್ತರ ಕರ್ನಾಟಕದ ಬಿಳಿಜೋಳ ಬೆಳೆಯುತ್ತದೆ.

ಪದರದ ಕಲ್ಲು

ಎರಡನೆಯ ಪ್ರಶ್ನೆ: ಪದರವಿದೆಯೇ? ಬಾದಾಮಿಯ ಕೆಂಪು ಬಂಡೆಯನ್ನು ಬೆರಳಿನಿಂದ ಸವರಿದರೆ ಉಪ್ಪುಕಾಗದದ ಹಾಗೆ ತರಿತರಿ. ಅದು ಮರಳುಗಲ್ಲು. ಮರಳಿನ ಕಣಗಳನ್ನು ಅಂಟಿಸಿರುವ ಕಬ್ಬಿಣದ ತುಕ್ಕೇ ಆ ಕೆಂಪು. ಅಡ್ಡ ಪದರಗಳ ನಡುವೆ ಕಾಣುವ ಓರೆ ಗೆರೆಗಳು ಹಿಂದಿನ ಹರಿವಿನ ದಿಕ್ಕನ್ನು ಹೇಳುತ್ತವೆ. ಪದರಗುಂಟ ಕಡಿಯಲು ಒಗ್ಗುವ ಈ ಕಲ್ಲಿನಲ್ಲಿ ಚಾಲುಕ್ಯರು ಗುಹಾಲಯಗಳನ್ನು ಕೊರೆಸಿದರು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578.

ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಸುಣ್ಣದಕಲ್ಲು. ಮೊಳೆಯಿಂದ ಗೀರಿ, ಬಿದ್ದ ಪುಡಿಯ ಮೇಲೆ ನಿಂಬೆರಸ ಹಿಂಡಿ ಭೂತಗನ್ನಡಿಯಲ್ಲಿ ನೋಡಿ: ಸಣ್ಣ ಗುಳ್ಳೆಗಳೇಳುತ್ತವೆ. ಹೊರಬರುತ್ತಿರುವುದು ಇಂಗಾಲದ ಡೈಆಕ್ಸೈಡ್. ಈ ಕಲ್ಲು ಹಾಸಿದ ಅಡುಗೆಮನೆಯಲ್ಲಿ ಹುಣಿಸೆರಸ ಚೆಲ್ಲಿದ ಕಡೆ ಹೊಳಪು ಹೋಗುವುದೂ ಇದರಿಂದಲೇ.

ರೂಪ ಬದಲಿಸಿದ್ದು

ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಗ್ರಾನೈಟ್ ಎಂದುಬಿಡುವುದು ಸುಲಭ. ಕಣಗಳೂ ಅವೇ. ಆದರೆ ಕಪ್ಪು ಬಿಳುಪು ಕಣಗಳು ಪಟ್ಟೆಪಟ್ಟೆಯಾಗಿ ಸಾಲುಗಟ್ಟಿವೆ. ಭಾರಿ ಒತ್ತಡದಲ್ಲಿ ಕಣಗಳು ಒಂದೇ ದಿಕ್ಕಿಗೆ ತಿರುಗಿದ ಗುರುತು ಇದು. ಇದರ ಹೆಸರು ನೈಸ್, ವಯಸ್ಸು ಸುಮಾರು 300 ಕೋಟಿ ವರ್ಷ.

ಬೇಲೂರು, ಹಳೇಬೀಡಿನ ಬಳಪದಕಲ್ಲೂ ಇದೇ ಕುಲ. ಮೊಳೆ ತಾಗಿದರೆ ಗೀರು ಬೀಳುವಷ್ಟು ಮೆದು, ಮುಟ್ಟಿದರೆ ಸಾಬೂನಿನ ನುಣುಪು. ಶಿಲಾಬಾಲಿಕೆಯ ಬಳೆ, ಸರಗಳನ್ನು ಒಡೆಯದಂತೆ ಬಿಡಿಸಲು ಹೊಯ್ಸಳ ಶಿಲ್ಪಿಗೆ ಇದರಿಂದ ಅನುಕೂಲವಾಯಿತು. ಮೊಳೆಯ ಪರೀಕ್ಷೆಯನ್ನು ಹಿತ್ತಲಿನ ಕಲ್ಲಿನ ಮೇಲೆ ಮಾಡಬೇಕೇ ಹೊರತು ಗುಡಿಯ ಕಲ್ಲಿನ ಮೇಲಲ್ಲ!

ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಕಲ್ಲು ಮಳೆಯ ಕೆಲಸ. ಮಳೆನೀರು ಮೂಲಶಿಲೆಯ ಸಿಲಿಕಾ ಮುಂತಾದುವನ್ನು ತೊಳೆದೊಯ್ದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಮ್‌ಗಳ ಗಟ್ಟಿ. ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅದರ ಲ್ಯಾಟಿನ್ ಮೂಲದ ಅರ್ಥ ಇಟ್ಟಿಗೆ. ಕನ್ನಡದ ಹೆಸರಿನಲ್ಲೂ ಇಟ್ಟಿಗೆಯೇ ಇದೆ.

ಹೆಸರು ತಿಳಿದರೇನು ಲಾಭ?

ಅಂಗಡಿಯಲ್ಲಿ 'ಕರಿ ಗ್ರಾನೈಟ್' ಎಂದು ಮಾರುವ ಚಾಮರಾಜನಗರದ ಕಪ್ಪು ಕಲ್ಲು ನಿಜಕ್ಕೂ ಡಾಲರೈಟ್. ಹೆಸರು ತಪ್ಪಿದರೂ ಗಟ್ಟಿತನಕ್ಕೆ ಮೋಸವಿಲ್ಲ. ಆದರೆ ನೀರಿನ ವಿಷಯದಲ್ಲಿ ಕಲ್ಲನ್ನು ಅರಿಯದಿದ್ದರೆ ನಷ್ಟ ದೊಡ್ಡದು. ನೈಸ್, ಗ್ರಾನೈಟ್‌ಗಳ ಮೈಯಲ್ಲಿ ನೀರು ಹಿಡಿಯುವ ರಂಧ್ರಗಳಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಪಕ್ಕದ ಹೊಲದ ಕೊಳವೆಬಾವಿ ಚಿಮ್ಮಿದರೂ ನಮ್ಮದರಲ್ಲಿ ಬರೀ ಕಲ್ಲಿನ ಪುಡಿ ಬರುವುದು ಇದಕ್ಕೇ. ಬಿರುಕಿಲ್ಲದ ಬಂಡೆಯನ್ನು ಇನ್ನಷ್ಟು ಆಳಕ್ಕೆ ಕೊರೆದರೆ ಖರ್ಚಾಗುವುದು ರೈತನ ಸಾಲದ ಹಣ.

ಇನ್ನೊಂದು ನಷ್ಟ ತುಂಬಲಾರದ್ದು. ಊರ ಬೆಟ್ಟಗಳು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಲಾರಿ ಏರುತ್ತಿವೆ. ಮನೆಗೆ, ರಸ್ತೆಗೆ ಕಲ್ಲು ಬೇಕು, ನಿಜ. ಆದರೆ ಹೊಳೆಯ ಮರಳನ್ನು ಪ್ರವಾಹ ಮತ್ತೆ ಸ್ವಲ್ಪವಾದರೂ ತಂದು ತುಂಬೀತು. 250 ಕೋಟಿ ವರ್ಷದ ಬಂಡೆಯನ್ನು ತಂದು ನಿಲ್ಲಿಸುವವರಿಲ್ಲ. ಯಾವ ಬೆಟ್ಟವನ್ನು ಒಡೆಯಬಹುದು, ಯಾವುದನ್ನು ಉಳಿಸಬೇಕು ಎಂದು ಊರಿನವರು ಮಾತಾಡಬೇಕಾದರೆ ಅದು ಏನೆಂಬುದಾದರೂ ಗೊತ್ತಿರಬೇಕು.

ಮುಂದಿನ ಭಾನುವಾರ ಮನೆಯ ಮಕ್ಕಳನ್ನು ಕರೆದುಕೊಂಡು ಊರ ಹೊರಗೆ ಹೋಗಿ. ಬಿದ್ದಿರುವ ಒಂದೊಂದು ಚೂರು ಆರಿಸಿ, ಕಣ, ಪದರ, ಪಟ್ಟೆ ನೋಡಿ; ಮೊಳೆಯಿಂದ ಗೀರಿ, ನಿಂಬೆರಸ ಹಾಕಿ. ಸಿಕ್ಕ ಜಾಗದ ಹೆಸರು ಬರೆದ ಚೀಟಿಯೊಂದಿಗೆ ಬೆಂಕಿಪೊಟ್ಟಣದಲ್ಲಿಡಿ. ಹತ್ತು ಪೊಟ್ಟಣ ತುಂಬುವ ಹೊತ್ತಿಗೆ ನಿಮ್ಮ ಊರಿನ ನೆಲದ ಚರಿತ್ರೆಯ ಮೊದಲ ಪಾಠ ಮುಗಿದಿರುತ್ತದೆ.