ಶಬ್ದವೇ ಶಸ್ತ್ರವಾದ ಬಗೆ

ಶಸ್ತ್ರಚಿಕಿತ್ಸೆಯೆಂದೊಡನೆ ಕತ್ತಿ, ರಕ್ತ, ಹೊಲಿಗೆಗಳು ನೆನಪಿಗೆ ಬರುವುವು. ಸುಶ್ರುತಾಚಾರ್ಯನು ಛೇದನ, ಭೇದನವೇ ಮೊದಲಾದ ಎಂಟು ಶಸ್ತ್ರಕರ್ಮಗಳನ್ನು ಹೇಳಿ, ಸುಟ್ಟು ರೋಗವನ್ನು ನೀಗುವ ಅಗ್ನಿಕರ್ಮವನ್ನು ಬೇರೆಯಾಗಿ ವಿವರಿಸಿದ್ದಾನೆ. ಚರ್ಮವನ್ನು ಕೊಯ್ಯದೆ ದೇಹದೊಳಗಿನ ಒಂದು ಬಿಂದುವನ್ನು ಮಾತ್ರ ಸುಡುವ ವಿಧಾನವು ಇಂದಿನ ವೈದ್ಯರಿಗೆ ದೊರೆತಿದೆ. ಪ್ರಾಚೀನರು ಇದನ್ನೂ ಅರಿತಿದ್ದರೆಂದು ಹೇಳುವುದು ಯುಕ್ತವಲ್ಲ. ಇದರ ಸಾಧನವಾದ ಶ್ರವಣಾತೀತ ಧ್ವನಿಯು ಆಧುನಿಕ ವಿಜ್ಞಾನದ ಕೊಡುಗೆ.

ಸೆಕೆಂಡಿಗೆ 20,000ಕ್ಕೆ ಮಿಗಿಲಾದ ಕಂಪನಗಳುಳ್ಳ ಶಬ್ದವು ಮನುಷ್ಯನ ಕಿವಿಗೆ ಕೇಳಿಸದು. ಕೆಲವು ಸ್ಫಟಿಕಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಹಾಯಿಸಿದರೆ ಅವೇ ಸ್ಫಟಿಕಗಳು ಕಂಪಿಸಿ ಈ ಧ್ವನಿಯನ್ನು ಹೊರಡಿಸುವುವು. ಇದರ ಅಧ್ಯಯನದಲ್ಲಿ ಕನ್ನಡನಾಡಿಗೂ ಪಾಲುಂಟು. ಶ್ರವಣಾತೀತ ತರಂಗಗಳಿರುವ ದ್ರವದಲ್ಲಿ ಬೆಳಕು ಹೇಗೆ ಚದುರುವುದೆಂಬುದನ್ನು ಸರ್ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು 1935-36ರಲ್ಲಿ ಬೆಂಗಳೂರಿನಲ್ಲಿ ನಿರೂಪಿಸಿದರು. ಅದು ರಾಮನ್-ನಾಥ್ ಸಿದ್ಧಾಂತವೆಂದು ಪ್ರಸಿದ್ಧವಾಗಿದೆ.

ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಒಣಗಿದ ಎಲೆಯನ್ನು ಸುಡುವುದು ಶಾಲಾಬಾಲಕರೆಲ್ಲ ಬಲ್ಲ ಆಟ. ಗಾಜಿನ ಬಳಿ ಹಿಡಿದ ಕೈ ಸುಡದು. ಕಿರಣಗಳು ಕೂಡಿದಲ್ಲಿ ಮಾತ್ರ ಬೆಂಕಿ. ಧ್ವನಿತರಂಗಗಳಿಗೂ ಇದೇ ನ್ಯಾಯ. ಅಮೆರಿಕೆಯ ವಿಲಿಯಂ ಫ್ರೈ ಮತ್ತು ಫ್ರಾನ್ಸಿಸ್ ಫ್ರೈ ಸಹೋದರರು 1950ರ ದಶಕದಲ್ಲಿ ಇದನ್ನು ಮಿದುಳಿನ ಚಿಕಿತ್ಸೆಗೆ ಬಳಸಿದರು. ಆದರೆ ತಲೆಬುರುಡೆಯು ತರಂಗಗಳನ್ನು ಅಡ್ಡಿಪಡಿಸುತ್ತಿದ್ದುದರಿಂದ ಅದರ ಒಂದು ಭಾಗವನ್ನು ತೆಗೆಯಬೇಕಾಗಿತ್ತು.

ಆ ತೊಡಕನ್ನು ಗಣಕಯಂತ್ರವು ನಿವಾರಿಸಿತು. ಶಿರಸ್ತ್ರಾಣದಂತಹ ಉಪಕರಣದಲ್ಲಿ 1024 ಧ್ವನಿಮೂಲಗಳಿದ್ದು, ಬುರುಡೆಯ ದಪ್ಪಕ್ಕೆ ತಕ್ಕಂತೆ ಪ್ರತಿಯೊಂದನ್ನೂ ಹೊಂದಿಸಲಾಗುವುದು. ಬುರುಡೆ ಕಾಯದಂತೆ ತಣ್ಣೀರು ಸುತ್ತಲೂ ಹರಿಯುತ್ತಿರುತ್ತದೆ. ಎಂ.ಆರ್.ಐ. ಯಂತ್ರವು ಒಳಗಿನ ಶಾಖವನ್ನು ಅಳೆಯುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಮೊದಲು ಅಲ್ಪ ಶಾಖ ಕೊಟ್ಟು, ಸುರುಳಿಯಾಕಾರದ ಗೆರೆ ಬರೆಯಿಸಿ, ಕೈನಡುಕ ತಗ್ಗಿತೇ, ಬೇರೆ ಬಾಧೆ ತೋರಿತೇ ಎಂದು ನೋಡುವರು. ಸ್ಥಾನ ಸರಿಯೆಂದು ನಿಶ್ಚಯವಾದ ಮೇಲೆಯೇ ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಿಂದ ಆ ಕಣವನ್ನು ನಾಶಮಾಡುವರು. ಅಮೆರಿಕೆಯಲ್ಲಿ ಈ ವಿಧಾನಕ್ಕೆ 2004ರಲ್ಲಿ ಗರ್ಭಕೋಶದ ಗಡ್ಡೆಗಳಿಗೂ 2016ರಲ್ಲಿ ಕೈನಡುಕಕ್ಕೂ ಸರ್ಕಾರದ ಅನುಮತಿ ದೊರೆಯಿತು.

ಗಾಯವಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಲಾಗದು. ಸುಟ್ಟ ಮಿದುಳಿನ ಕಣ ಮರಳಿ ಬಾರದು. ಕೆಲವರಿಗೆ ಜೋಮು, ನಡಿಗೆಯ ತೂಕ ತಪ್ಪುವಿಕೆ ಉಳಿಯಬಹುದು, ನಡುಕ ಮರುಕಳಿಸಲೂಬಹುದು. ಎಲ್ಲರ ಬುರುಡೆಯೂ ಇದಕ್ಕೆ ಒಗ್ಗದು. ವಾಯು ತುಂಬಿದ ಶ್ವಾಸಕೋಶವನ್ನು ಈ ತರಂಗಗಳು ದಾಟಲಾರವು.

ಕೊತ್ತಗೆರೆಯಂತಹ ಗ್ರಾಮಗಳಲ್ಲಿ ನೀರಿನ ಲೋಟ ಹಿಡಿಯಲಾರದ, ರುಜು ಹಾಕಲಾರದ ವೃದ್ಧರ ಕೈನಡುಕವನ್ನು ಮುಪ್ಪಿನ ಧರ್ಮವೆಂದು ಸುಮ್ಮನಾಗುವುದುಂಟು. ಅದು ರೋಗವಾಗಿರಬಹುದು, ಅನೇಕರಿಗೆ ಔಷಧದಿಂದಲೇ ಶಮನವೂ ಉಂಟು. ಅಂಥವರನ್ನು ಮೊದಲು ನರರೋಗತಜ್ಞರ ಬಳಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ. ಔಷಧ ಫಲಿಸದಿದ್ದಾಗ ಈ ಚಿಕಿತ್ಸೆಯ ಗುಣದೋಷಗಳೆರಡನ್ನೂ ಕೇಳಿ ತಿಳಿದು ನಿರ್ಧರಿಸತಕ್ಕದ್ದು.